ಮರಿತಾಯಮ್ಮನ ನೀರಿನ ಮಾತ್ರೆ

ಮರಿತಾಯಮ್ಮನಿಗೆ ಮರೆವು ಎಂದು ಆಸ್ಪತ್ರೆಯ ಕಾಗದದಲ್ಲಿ ಬರೆದುಬಿಟ್ಟಿದ್ದಾರೆ. ಬರೆದ ಡಾಕ್ಟರು ಒಳ್ಳೆಯವರೇ, ಓದಿದವರೇ. ಆದರೆ ಸೋಮನಾಥಪುರದ ಸುತ್ತಿನ ಗದ್ದೆ ಬಯಲಿಗೆ ಒಮ್ಮೆ ಬಂದು ವಿಚಾರಿಸಿದ್ದರೆ ಆ ಮಾತು ಬರೆಯುತ್ತಿರಲಿಲ್ಲ. ಯಾರ ಗದ್ದೆಗೆ ಎಷ್ಟು ಆಳು ಬೇಕು, ಯಾವ ಬದುವಿನಲ್ಲಿ ಹುತ್ತವಿದೆ, ಹದಿನೈದು ವರ್ಷದ ಹಿಂದೆ ಯಾರ ಮನೆಯ ಮದುವೆಗೋಸ್ಕರ ಯಾರ ನಾಟಿ ಅರ್ಧಕ್ಕೆ ನಿಂತಿತ್ತು, ಎಲ್ಲವೂ ಅವಳ ನಾಲಿಗೆಯ ತುದಿಯಲ್ಲಿದೆ. ಅಂಥವಳಿಗೆ ಮರೆವಂತೆ. ಮಗ ಅದನ್ನು ಓದಿ ಹೇಳಿದ ದಿನ ಅವಳಿಗೆ ಎದೆನೋವಿಗಿಂತ ಅದೇ ಹೆಚ್ಚು ಚುಚ್ಚಿತು. ಹಾಗೆ ನೋಡಿದರೆ, ಮರೆತೆ ಅಂತ ಡಾಕ್ಟರಿಗೆ ಸುಳ್ಳು ಹೇಳಿದವಳೂ ಅವಳೇ. ಯಾಕೆ ಹೇಳಿದಳು ಎನ್ನುವುದನ್ನು ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಅವಳು ಹುಟ್ಟಿದ್ದು ನಂಜನಗೂಡಿನ ಪಕ್ಕದ ಕಳಲೆಯಲ್ಲಿ. ನಲವತ್ತು ವರ್ಷದ ಹಿಂದೆ, ಹದಿನೇಳಕ್ಕೆ ಮದುವೆಯಾಗಿ, ನರಸೀಪುರ ತಾಲ್ಲೂಕಿನ ಈ ಊರಿಗೆ ಮಾದುವಿನ ಹೆಂಡತಿಯಾಗಿ ಬಂದಳು. ಬಂದ ಮೂರನೆಯ ದಿನವೇ ಅತ್ತೆ ಸೀರೆ ಎತ್ತಿ ಕಟ್ಟಿಸಿ ಗದ್ದೆಗಿಳಿಸಿದಳು. ಮೊದಲ ವರ್ಷ ಎಲ್ಲರಿಗಿಂತ ಹಿಂದೆ ಬಿದ್ದವಳು, ಐದನೆಯ ವರ್ಷಕ್ಕೆ ಎಲ್ಲರಿಗಿಂತ ಮುಂದಿದ್ದಳು. ಹತ್ತನೆಯ ವರ್ಷಕ್ಕೆ ನಾಟಿ ಗುಂಪಿನ ಮೇಸ್ತ್ರಿಯಾದಳು. ಮೇಸ್ತ್ರಿ ಎಂದರೆ ಗದ್ದೆಯವರ ಹತ್ತಿರ ಮಾತಾಡಿ ಕೆಲಸ ಹಿಡಿಯುವವಳು, ಹಗ್ಗ ಎಳೆಸಿ ಸಾಲು ಹಂಚುವವಳು, ಸೋಮಾರಿಗಳನ್ನು ಬೈದು ಬಗ್ಗಿಸುವವಳು. ಬೈಯುವುದರಲ್ಲಿ ಅವಳನ್ನು ಮೀರಿಸಿದವರು ಆ ಹೋಬಳಿಯಲ್ಲೇ ಇಲ್ಲ. ಅವಳ ಬಾಯಿಗೆ ಹೆದರಿ ಗದ್ದೆಯವರು ಊಟ ಹೊತ್ತಿಗೆ ಸರಿಯಾಗಿ ಕಳಿಸುತ್ತಾರೆ. ಅತ್ತೆಯ ಕಾಲದವರು ಗದ್ದೆಯವರನ್ನು 'ಬುದ್ದಿ' ಎನ್ನುತ್ತಿದ್ದರು. ಇವಳು ಮೇಸ್ತ್ರಿಯಾದ ವರ್ಷದಿಂದ ಆ ಮಾತು ನಿಂತುಹೋಯಿತು. ಯಜಮಾನ್ರು ಎನ್ನುತ್ತಾಳೆ, ಅದೂ ಬೇಕಾದಾಗ ಮಾತ್ರ. ಅವಳ ಮನೆಯ ಗೋಡೆಯ ಮೇಲೆ ಬುದ್ಧನೂ ಮಾದೇಶ್ವರನೂ ಅಕ್ಕಪಕ್ಕದಲ್ಲೇ ಇದ್ದಾರೆ. ಇಬ್ಬರಿಗೂ ಒಂದೇ ಊದುಬತ್ತಿ.

ಈ ವರ್ಷ ಶಿವರಾತ್ರಿಗೆ ಮೊದಲು ಅವಳಿಗೆ ಎದೆ ಹಿಡಿದುಕೊಂಡಿತು. ಗ್ಯಾಸ್ಟ್ರಿಕ್ಕು ಎಂದುಕೊಂಡಳು. ಜೀರಿಗೆ ಅಗಿದಳು, ಸೋಡಾ ಕುಡಿದಳು, ಬೆನ್ನಿಗೆ ಗಂಡನ ಕೈಯಲ್ಲಿ ಎಣ್ಣೆ ತಿಕ್ಕಿಸಿಕೊಂಡಳು. ಹೀಗೆ ಎರಡು ದಿನ ಕಳೆದವು. ಮೂರನೆಯ ದಿನ ಮಾದು, ಬದುಕಿನಲ್ಲಿ ಮೊದಲ ಸಲ ಹೆಂಡತಿಯ ಮಾತು ಮೀರಿ, ಪಕ್ಕದ ಮನೆಯವನ ಆಟೋದಲ್ಲಿ ಕೂರಿಸಿಕೊಂಡು ಹೊರಟೇಬಿಟ್ಟ. ಮೈಸೂರಿನ ಆಸ್ಪತ್ರೆಯಲ್ಲಿ ಸ್ಟೆಂಟ್ ಹಾಕಿದರು. ಡಾಕ್ಟರು ಕೂರಿಸಿಕೊಂಡು ಬಿಡಿಸಿ ಹೇಳಿದರು: ಹೃದಯಕ್ಕೆ ರಕ್ತ ಕೊಡುವ ನಾಳ ಮುಚ್ಚಿಕೊಂಡಿತ್ತು, ಎರಡು ದಿನ ರಕ್ತವಿಲ್ಲದೆ ಹೃದಯದ ಒಂದು ಭಾಗ ಸೊರಗಿದೆ, ನಾಳ ತೆರೆದಿದ್ದೇವೆ, ಆದರೆ ಸೊರಗಿದ ಭಾಗ ಪೂರ್ತಿ ಹಿಂದಿನಂತೆ ಆಗುವುದಿಲ್ಲ. ಹೃದಯ ರಕ್ತವನ್ನು ಸರಿಯಾಗಿ ಮುಂದಕ್ಕೆ ತಳ್ಳದಿದ್ದರೆ ಹಿಂದೆ ಒತ್ತಡವಾಗಿ ಶ್ವಾಸಕೋಶಕ್ಕೆ ನೀರು ಜಿನುಗುತ್ತದೆ, ಕಾಲು ಊದುತ್ತದೆ.

ಇದು ಮರಿತಾಯಮ್ಮನಿಗೆ ಚೆನ್ನಾಗಿ ಅರ್ಥವಾಯಿತು. ಕೆಳಗಿನ ತೂಬು ಕಟ್ಟಿಕೊಂಡರೆ ಮೇಲಿನ ಗದ್ದೆಯಲ್ಲಿ ನೀರು ನಿಲ್ಲುತ್ತದೆ, ಇದನ್ನು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಅರ್ಥವಾಗದೆ ಹೋದದ್ದು ಊರಿನವರಿಗೆ. ಕಾಯಿಲೆಯವರನ್ನು ನೋಡಲು ಬರಿಗೈಯಲ್ಲಿ ಹೋಗಬಾರದು ಅಂತ ಬಂದವರೆಲ್ಲ ಎಳನೀರು ತಂದರು. ದಿನಕ್ಕೆ ಒಂದು ಲೀಟರ್ ಮೇಲೆ ನೀರು ಕುಡಿಯಬಾರದು ಎಂದು ಡಾಕ್ಟರು ಹೇಳಿದ್ದರೆ, ಬಂದವರು ಎದುರಿಗೆ ಕೂತು, ಕೊಚ್ಚಿ, ಬಾಯಿಗೇ ಹಿಡಿದರು. ಗದ್ದೆಯ ಯಜಮಾನರಾದ ಶಂಭುಲಿಂಗಪ್ಪನವರೇ ಆರು ಎಳನೀರು ಬೈಕಿಗೆ ನೇತುಹಾಕಿಕೊಂಡು ಬಂದಿದ್ದರು. ಕೊನೆಗೆ ಮಾದು ಬಾಗಿಲಲ್ಲೇ ಮಚ್ಚು ಹಿಡಿದು ಕೂತು, ತಂದವರಿಗೆ ತಂದದ್ದನ್ನೇ ಕೊಚ್ಚಿ ಕುಡಿಸಿ ಕಳಿಸತೊಡಗಿದ. ಉಪ್ಪಿನ ಪಾಡು ಇನ್ನೂ ಕಷ್ಟ. ಮುದ್ದೆಯ ಜೊತೆ ಉಪ್ಸಾರಿಲ್ಲದೆ ಅವಳು ಒಂದು ದಿನ ಉಂಡವಳಲ್ಲ. ಹೆಸರಿನಲ್ಲೇ ಉಪ್ಪಿರುವ ಸಾರನ್ನು ಉಪ್ಪಿಲ್ಲದೆ ಮಾಡುವುದು ಹೇಗೆ? ಬೆಳ್ಳುಳ್ಳಿ, ಮೆಣಸು, ಹುಣಸೆಹುಳಿ ಹಾಕಿ ಹೇಗೋ ಮಾಡಿದಳು. ಬಾಯಿಗಿಟ್ಟು, ಡಾಕ್ಟರ ವಂಶವನ್ನೆಲ್ಲ ನೆನೆದು, ಆದರೂ ಉಂಡಳು. ಬದುಕಬೇಕೆಂದು ಅವಳಿಗೆ ಅಷ್ಟು ಹಟವಿತ್ತು.

ಎಲ್ಲ ಮಾತ್ರೆಗಳಿಗಿಂತ ಮುಖ್ಯವಾದದ್ದು ಒಂದು ಸಣ್ಣ ಬಿಳಿ ಮಾತ್ರೆ. ನೀರಿನ ಮಾತ್ರೆ. ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು. ನುಂಗಿದ ಮುಕ್ಕಾಲು ಗಂಟೆಯಲ್ಲಿ ಕೆಲಸ ಶುರು, ಆಮೇಲೆ ಎರಡು ಮೂರು ಗಂಟೆ ಹೊತ್ತು ಮನೆ ಹಿಂದಕ್ಕೂ ಮುಂದಕ್ಕೂ ಓಡಾಟ. ದೇಹದಲ್ಲಿ ನಿಂತ ನೀರನ್ನೆಲ್ಲ ಅದು ಇಳಿಸುತ್ತದೆ. ಮನೆಯಲ್ಲಿದ್ದಾಗ ತೊಂದರೆಯಿರಲಿಲ್ಲ. ಪಂಚಾಯ್ತಿಯವರು ಕಟ್ಟಿಸಿಕೊಟ್ಟ ಪಾಯಿಖಾನೆ ಹಿತ್ತಲಲ್ಲೇ ಇತ್ತು. ನಾಲ್ಕೈದು ತಿಂಗಳಲ್ಲಿ ಕಾಲಿನ ಊತ ಇಳಿದು, ಮೆಟ್ಟು ಮತ್ತೆ ಕಾಲಿಗೆ ಹಿಡಿಯಿತು. ಆಗಸ್ಟಿನಲ್ಲಿ ನಾಲೆಗೆ ನೀರು ಬಿಟ್ಟರು. ಬಗ್ಗಿ ನಾಟಿ ಮಾಡಬಾರದು, ಬದುವಿನ ಮೇಲೆ ನಿಂತು ಮೇಸ್ತ್ರಿ ಕೆಲಸ ಮಾಡಬಹುದು ಎಂದು ಡಾಕ್ಟರನ್ನು ಒಪ್ಪಿಸಿಕೊಂಡು, ಬೇಡವೆಂದ ಮಗನ ಮಾತಿಗೆ ಸೊಪ್ಪು ಹಾಕದೆ ಮರಿತಾಯಮ್ಮ ಗದ್ದೆಗೆ ಹೊರಟಳು.

ಸಮಸ್ಯೆ ಎದುರಾದದ್ದು ಅಲ್ಲಿ. ಗದ್ದೆ ಬಯಲೆಂದರೆ ಬಯಲೇ. ಹಿಂದೆ ನಾಲೆಯ ಏರಿಯುದ್ದಕ್ಕೂ ಜಾಲಿಯ ಮೆಳೆಯಿತ್ತು, ತೀರಾ ತಡೆಯಲಾರದವರಿಗೆ ಅಷ್ಟು ಮರೆಯಾದರೂ ಸಿಗುತ್ತಿತ್ತು. ರಸ್ತೆ ಅಗಲ ಮಾಡುವಾಗ ಅದನ್ನೆಲ್ಲ ಕಡಿದರು. ಈಗ ಸೋಮನಾಥಪುರದ ದೇವಸ್ಥಾನ ನೋಡಲು ಹೋಗುವ ಕಾರುಗಳು ಆ ರಸ್ತೆಯಲ್ಲೇ ಸಾಲಾಗಿ ಹೋಗುತ್ತವೆ. ನಾಟಿಯವರನ್ನು ಕಂಡರೆ ನಿಲ್ಲಿಸಿ ಫೋಟೋ ಬೇರೆ ತೆಗೆಯುತ್ತಾರೆ. ಗುಂಪಿನ ಹೆಂಗಸರು ಇದಕ್ಕೆ ಒಂದು ದಾರಿ ಕಂಡುಕೊಂಡಿದ್ದರು. ಬೆಳಕು ಹರಿಯುವ ಮುಂಚೆ ಒಂದು ಸಲ, ಸಂಜೆ ಮನೆಗೆ ಹೋದ ಮೇಲೆ ಒಂದು ಸಲ. ನಡುವೆ ನೀರೇ ಕುಡಿಯುವುದಿಲ್ಲ. ಮೊಣಕಾಲವರೆಗೆ ನೀರಲ್ಲಿ ನಿಂತು ಇಡೀ ದಿನ ಒಣ ನಾಲಿಗೆಯಲ್ಲಿ ದುಡಿಯುವುದನ್ನು ಯಾರೂ ಕಷ್ಟ ಎಂದು ಕರೆಯುತ್ತಿರಲಿಲ್ಲ, ಅಭ್ಯಾಸ ಎನ್ನುತ್ತಿದ್ದರು. ಮರಿತಾಯಮ್ಮನೇ ಹೊಸ ಹುಡುಗಿಯರಿಗೆ ಆ ಅಭ್ಯಾಸ ಹೇಳಿಕೊಟ್ಟವಳು.

ಹಾಗಾಗಿ ಅವಳು ಏನು ಮಾಡಿದಳೆಂದರೆ, ನಾಟಿಯ ದಿನಗಳಲ್ಲಿ ಉಳಿದ ಮಾತ್ರೆಗಳನ್ನೆಲ್ಲ ನುಂಗಿ ಆ ಒಂದು ಬಿಳಿ ಮಾತ್ರೆಯನ್ನು ಬಿಟ್ಟಳು. ಮಂಗಳವಾರ ಬಿಟ್ಟಳು, ಏನೂ ಆಗಲಿಲ್ಲ. ಬುಧವಾರ ಬಿಟ್ಟಳು, ಸಂಜೆ ಮೆಟ್ಟು ಬಿಗಿಯಾಯಿತು. ಗುರುವಾರ ಮಲಗಿದರೆ ಕೆಮ್ಮು ಬಂದು ಎದ್ದು ಕೂರಬೇಕಾಯಿತು, ಗೋಡೆಗೊರಗಿ ಕೂತೇ ನಿದ್ದೆ ಮಾಡಿದಳು. ಶುಕ್ರವಾರ ಮಧ್ಯಾಹ್ನ ಮೂರರ ಹೊತ್ತಿಗೆ, ಬದುವಿನ ಮೇಲೆ ನಿಂತು ಯಾರನ್ನೋ ಬೈಯುತ್ತಿದ್ದವಳ ಬೈಗುಳ ಅರ್ಧಕ್ಕೆ ನಿಂತಿತು. ಅದು ಹಾಗೆ ನಿಲ್ಲುವ ಜಾತಿಯದಲ್ಲವಾದ್ದರಿಂದ ಎಲ್ಲರೂ ತಲೆಯೆತ್ತಿ ನೋಡಿದರು. ಮರಿತಾಯಮ್ಮ ಕೂತುಬಿಟ್ಟಿದ್ದಳು. ಉಸಿರೆಳೆದರೆ ಎದೆಯೊಳಗೆ ಗೊರಗೊರ ಸದ್ದು, ಬಾಯಲ್ಲಿ ಗುಲಾಬಿ ಬಣ್ಣದ ನೊರೆ. ಗುಂಪಿನಲ್ಲಿ ಅವಳ ಜೊತೆಯವಳಾದ ಮಂಚಮ್ಮ ಓಡಿಬಂದು ಮಲಗಿಸಲು ಹೋದರೆ, ಮಲಗಿಸಬೇಡ ಎಂದು ಕೈಯಲ್ಲೇ ತಳ್ಳಿದಳು. ಮಲಗಿದರೆ ಸಾಯುತ್ತೇನೆಂದು ಅವಳಿಗೆ ಗೊತ್ತಾಗಿತ್ತು. ಆಂಬ್ಯುಲೆನ್ಸ್ ಬರುವವರೆಗೂ ಮಂಚಮ್ಮನ ಬೆನ್ನಿಗೆ ಬೆನ್ನು ಕೊಟ್ಟು ಕೂತೇ ಇದ್ದಳು.

ನರಸೀಪುರದಲ್ಲಿ ಆಕ್ಸಿಜನ್ ಹಾಕಿ ಇಂಜೆಕ್ಷನ್ ಕೊಟ್ಟು ಮೈಸೂರಿಗೆ ಕಳಿಸಿದರು. ಎರಡು ದಿನದಲ್ಲಿ ಮೂರೂವರೆ ಕೇಜಿ ನೀರು ಅವಳ ಮೈಯಿಂದ ಇಳಿಯಿತು. ಮಾತ್ರೆ ಯಾಕೆ ಬಿಟ್ಟಿರಿ ಎಂದು ಡಾಕ್ಟರು ಕೇಳಿದರು. ಸುತ್ತ ನಾಲ್ಕು ಜನ ಕಲಿಯುವ ಹುಡುಗರು ಪುಸ್ತಕ ಹಿಡಿದು ನಿಂತಿದ್ದರು. ಅಷ್ಟು ಗಂಡಸರ ಮುಂದೆ ಏನಂತ ಹೇಳುವುದು? "ಮರ್ತೋಯ್ತು ಸಾ" ಎಂದಳು. ಡಾಕ್ಟರು ಅದನ್ನೇ ಬರೆದರು.

ಮಾರನೆಯ ದಿನ ನರ್ಸ್ ಭಾನುಪ್ರಿಯಾ ಅವಳ ಚೀಲದಿಂದ ಮಾತ್ರೆ ಡಬ್ಬಿ ತೆಗೆದಳು. ಮಗ ಪ್ರೇಮ್‌ಕುಮಾರ್ ತಂದುಕೊಟ್ಟಿದ್ದ, ವಾರದ ಏಳು ದಿನಕ್ಕೆ ಏಳು ಗೂಡುಗಳ ಡಬ್ಬಿ. ನಾಲ್ಕು ದಿನದ ಗೂಡುಗಳಲ್ಲಿ ಬಿಳಿ ಮಾತ್ರೆ ಮಾತ್ರ ಉಳಿದಿತ್ತು.

"ಮರೆತವರು ಎಲ್ಲಾನೂ ಮರೀತಾರೆ ಅಮ್ಮ. ಇದೊಂದನ್ನೇ ಹುಡುಕಿ ಹುಡುಕಿ ಮರೆಯೋದು ಹೆಂಗೆ?" ಎಂದಳು ಭಾನುಪ್ರಿಯಾ.

ಮರಿತಾಯಮ್ಮ ಕಿಟಕಿಯ ಕಡೆ ತಿರುಗಿದಳು. ಆಮೇಲೆ ಮೆಲ್ಲಗೆ ಹೇಳಿದಳು. ಬಯಲು, ರಸ್ತೆ, ಕಾರು, ಎಲ್ಲವನ್ನೂ ಹೇಳಿದಳು. ಹೇಳುತ್ತ ಹೇಳುತ್ತ ಅವಳಿಗೆ ನಾಚಿಕೆ ಹೋಗಿ ಸಿಟ್ಟು ಬಂತು.

ಭಾನುಪ್ರಿಯಾ ನಗಲಿಲ್ಲ. "ನಮ್ಮಮ್ಮನೂ ಕಬ್ಬಿನ ಗದ್ದೆಗೆ ಹೋಗ್ತಿದ್ದವರೇ. ಹೊತ್ತು ಬದಲಾಯಿಸಬಹುದಾ ಅಂತ ಡಾಕ್ಟರನ್ನ ಕೇಳ್ತೀನಿ," ಎಂದು ಹೋದಳು. ಕೇಳಿಕೊಂಡು ಬಂದು ಹೇಳಿದಳು: "ಈಗಿರೋ ಸ್ಥಿತೀಲಿ ಎರಡು ಹೊತ್ತೂ ಬೇಕೇ ಬೇಕಂತೆ. ಇನ್ನೊಂದು ಸಲ ಹಿಂಗಾದ್ರೆ ನಮ್ಮ ಕೈಲಿರಲ್ಲ ಅಮ್ಮ. ಮಾತ್ರೆ ಬಿಡಂಗಿಲ್ಲ."

"ಗದ್ದೆನೂ ಬಿಡಕ್ಕಿಲ್ಲ," ಎಂದಳು ಮರಿತಾಯಮ್ಮ.

ಆಸ್ಪತ್ರೆಯಿಂದ ಮಗ ಅವಳನ್ನು ನಂಜನಗೂಡಿಗೆ ಕರೆದುಕೊಂಡು ಹೋದ. ಪ್ರೇಮ್‌ಕುಮಾರ್ ಅಲ್ಲಿನ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಮೆಷಿನ್ ಆಪರೇಟರ್. ಹೆಂಡತಿ ರಂಜಿನಿಯ ಜೊತೆ ರೈಲ್ವೆ ಗೇಟಿನ ಹತ್ತಿರ ಎರಡು ಕೋಣೆಯ ಬಾಡಿಗೆ ಮನೆಯಲ್ಲಿದ್ದ. ಮನೆಯೊಳಗೇ ಬಾತ್ರೂಮು, ಟೈಲ್ಸು, ನಲ್ಲಿ. ಸೊಸೆ ಉಪ್ಪಿಲ್ಲದ ಅಡುಗೆಯನ್ನು ಬಾಯಿಗೆ ಹಿಡಿಸುವಂತೆ ಮಾಡಿ ಬಡಿಸುತ್ತಿದ್ದಳು. ಮೂರು ವಾರ ಮರಿತಾಯಮ್ಮ ಎರಡು ಹೊತ್ತೂ ಮಾತ್ರೆ ನುಂಗಿ, ಎಷ್ಟು ಸಲ ಬೇಕೋ ಅಷ್ಟು ಸಲ ಎದ್ದು ಹೋದಳು. ಚಪ್ಪಟೆಯಾಗಿ ಮಲಗಿ ನಿದ್ದೆ ಮಾಡಿದಳು. ಸೆಪ್ಟೆಂಬರ್ ಬಂತು. ಶಂಭುಲಿಂಗಪ್ಪನವರ ಕೆಳಗದ್ದೆಯ ನಾಟಿ ಸೋಮವಾರಕ್ಕಿದೆ ಎಂದು ಮಂಚಮ್ಮ ಫೋನ್ ಮಾಡಿದಳು. ಮರಿತಾಯಮ್ಮ ಅಂದೇ ಚೀಲ ಕಟ್ಟಿದಳು.

"ಸಾಯಕ್ಕೆ ಓಯ್ತೀಯಾ?" ಎಂದ ಮಗ.

"ಸಾಯದೆ ಇರಕ್ಕೆ ದಾರಿ ಏನು ಅಂತ ಕೇಳಕ್ಕೋಯ್ತೀನಿ."

"ಇಲ್ಲೇ ಇರವ್ವ. ನಿಂಗೆ ಏನ್ ಕಮ್ಮಿ ಮಾಡಿದ್ದೀವಿ?"

"ನೀನು ಏನೂ ಕಮ್ಮಿ ಮಾಡಿಲ್ಲ ಕಣಪ್ಪ. ಇಲ್ಲಿ ಯಾರನ್ನ ಬಯ್ಯಾನ ನಾನು? ನಿನ್ನೆಡ್ತಿ ಒಳ್ಳೇವ್ಳು, ಬಯ್ಯಕ್ಕೆ ಬಾಯೇ ಬರಕ್ಕಿಲ್ಲ."

ರಂಜಿನಿ ಒಳಗೆ ನಕ್ಕಳು. ಪ್ರೇಮ್‌ಕುಮಾರ್ ನಗಲಿಲ್ಲ, ಕಣ್ಣು ಒರೆಸಿಕೊಂಡು ಬಸ್ ಸ್ಟ್ಯಾಂಡಿಗೆ ಬಿಟ್ಟುಬಂದ.

ಶಂಭುಲಿಂಗಪ್ಪನವರ ಗದ್ದೆಯ ತಲೆಯಲ್ಲಿ ಒಂದು ಸಣ್ಣ ಮನೆಯಿದೆ. ಪಂಪ್‌ಸೆಟ್ಟಿಗೆ ಒಂದು ಕೋಣೆ, ನೆಂಟರು ಬಂದರೆ ಕೂರಲು ಒಂದು ಜಗಲಿ, ಅದರ ಪಕ್ಕಕ್ಕೆ ಹೊರಗಿನಿಂದಲೇ ಬಾಗಿಲಿರುವ ಬಾತ್ರೂಮು. ಹಸಿರು ಬಣ್ಣದ ತಗಡಿನ ಬಾಗಿಲು, ಅದಕ್ಕೊಂದು ಬೀಗ. ಕಟ್ಟಿಸಿ ಆರು ವರ್ಷವಾಗಿದೆ. ನಾಟಿ ಹೆಂಗಸರು ಆರು ವರ್ಷವೂ ಆ ಬಾಗಿಲಿನ ಮುಂದೆಯೇ ಕೂತು ಉಂಡಿದ್ದಾರೆ. ಅದು ತಮ್ಮದೂ ಆಗಬಹುದು ಎಂದು ಒಬ್ಬಳಿಗೂ ಹೊಳೆದಿರಲಿಲ್ಲ. ಮರಿತಾಯಮ್ಮನಿಗೂ ಹೊಳೆದದ್ದು ನಂಜನಗೂಡಿನ ಟೈಲ್ಸಿನ ಮೇಲೆ ಕೂತಾಗ.

ಸೋಮವಾರ ಎಂಟೂಕಾಲಿಗೆ ಶಂಭುಲಿಂಗಪ್ಪ ಬೈಕಿನಲ್ಲಿ ಬಂದರು. ಬಿಳಿ ಪಂಚೆ, ಹಣೆಯಲ್ಲಿ ವಿಭೂತಿ, ಮುಖದಲ್ಲಿ ಅವಸರ. ಹಿಂದಿನ ದಿನವೇ ಪೈರು ಕಿತ್ತು ಕಟ್ಟು ಕಟ್ಟಿ ಗದ್ದೆಯಲ್ಲಿ ಹರಡಿಸಿದ್ದರು. ನಾಲೆಯ ಸರದಿ ನೀರು ಇದ್ದದ್ದು ಅಂದೊಂದೇ ದಿನ. ಮರಿತಾಯಮ್ಮ ಜಗಲಿಯ ಮೇಲೆ ಕೂತಿದ್ದಳು. ಉಳಿದ ಹದಿಮೂರು ಹೆಂಗಸರು ಬದುವಿನ ಮೇಲೆ ನಿಂತಿದ್ದರು.

"ಏನ್ ಮರಿತಾಯಿ, ಹುಷಾರಾ? ಯಾಕೆ ಇನ್ನೂ ಇಳಿದಿಲ್ಲ?"

ಮರಿತಾಯಮ್ಮ ಡಬ್ಬಿ ತೆಗೆದು ಬಿಳಿ ಮಾತ್ರೆಯನ್ನು ಬಾಯಿಗೆ ಹಾಕಿಕೊಂಡು ಒಂದು ಗುಟುಕು ನೀರು ಕುಡಿದಳು. "ಇದು ಉಚ್ಚೆ ಮಾತ್ರೆ ಯಜಮಾನ್ರೇ. ಇನ್ ಮುಕ್ಕಾಲ್ ಗಂಟೆಗೆ ಬತ್ತದೆ. ಆ ಬೀಗ ತಗ್ಸಿ."

ಒಬ್ಬ ಹೆಂಗಸು ಒಬ್ಬ ಗಂಡಸಿನ ಎದುರಿಗೆ, ಅದೂ ಗದ್ದೆಯ ಯಜಮಾನನ ಎದುರಿಗೆ, ಆ ಮಾತನ್ನು ಬಾಯಿಬಿಟ್ಟು ಹೇಳಿದ್ದನ್ನು ಬದುವಿನ ಮೇಲಿದ್ದವರು ಅದುವರೆಗೆ ಕೇಳಿರಲಿಲ್ಲ. ಮಂಚಮ್ಮ ಸೆರಗು ಬಾಯಿಗೆ ತುರುಕಿಕೊಂಡಳು.

ಶಂಭುಲಿಂಗಪ್ಪ ಕೆಟ್ಟವರಲ್ಲ. ಕೂಲಿ ತಡ ಮಾಡಿದವರಲ್ಲ. ಆದರೆ ಅವರ ಮುಖ ಕೆಂಪಾಯಿತು. "ಅಷ್ಟು ದೊಡ್ಡ ಬಯಲಿದೆಯಲ್ಲ ಮರಿತಾಯಿ," ಎಂದರು.

"ನೀವೂ ಬಯಲ್ಗೇ ಓಯ್ತಿದ್ರಲ್ಲ, ಬಾತ್ರೂಮ್ ಯಾಕ್ ಕಟ್ಟುಸ್ದ್ರಿ?"

"ಅದು ನೆಂಟರಿಗೆ ಅಂತ. ನಮ್ಮನೆಯೋಳು ಒಪ್ಪಲ್ಲ." ಮನೆಯಾಕೆ ಮಲ್ಲಾಜಮ್ಮನ ಹೆಸರು ಅವರಿಗೆ ಇಂಥ ಹೊತ್ತಿನಲ್ಲೆಲ್ಲ ಅನುಕೂಲಕ್ಕೆ ಬರುತ್ತಿತ್ತು.

"ಮಲ್ಲಾಜಮ್ಮೋರು ಊರಲ್ಲಿ ಅವ್ರೆ. ಬೀಗದ ಕೈ ನಿಮ್ ಜೇಬಲ್ಲೇ ಅದೆ."

ಶಂಭುಲಿಂಗಪ್ಪ ಗದ್ದೆಯ ಕಡೆ ನೋಡಿದರು. ಪೈರಿನ ಕಟ್ಟುಗಳ ಮೇಲೆ ಬಿಸಿಲು ಏರುತ್ತಿತ್ತು. ನಾಟಿ ಮೆಷಿನ್ನು ತರಿಸುತ್ತೇನೆ ಎಂದರು. ಕೆಸರು ತೊಡೆಯವರೆಗಿರುವ ಕೆಳಗದ್ದೆಗೆ ಮೆಷಿನ್ನು ಇಳಿಯುವುದಿಲ್ಲ ಎಂದು ಅವರಿಗೂ ಗೊತ್ತು, ಅವಳಿಗೂ ಗೊತ್ತು. ಬೇರೆ ಗುಂಪು ಕರೆಸುತ್ತೇನೆ ಎಂದರು. ಕರೆಸಿ ಎಂದಳು. ಅರ್ಧ ಗಂಟೆ ಅವರು ಫೋನು ಕಿವಿಗಿಟ್ಟುಕೊಂಡು ಓಡಾಡಿದರು. ಎಲ್ಲ ಗುಂಪಿನವರೂ ಎಲ್ಲೆಲ್ಲೋ ಗದ್ದೆಗಿಳಿದಾಗಿತ್ತು. ಅಷ್ಟರಲ್ಲಿ ಮಾತ್ರೆ ತನ್ನ ಕೆಲಸಕ್ಕೆ ಹತ್ತಿತು. ಮರಿತಾಯಮ್ಮ ಕಾಲ ಮೇಲೆ ಕಾಲು ಹಾಕಿ ಬಿಗಿಯಾಗಿ ಕೂತಳು. ಹೊಟ್ಟೆಯ ಕೆಳಗೆ ಕಲ್ಲು ಕಟ್ಟಿದ ಹಾಗಾಯಿತು. ಎದ್ದರೆ ಮಾನ ಹೋಗುತ್ತದೆ ಎಂದು ಎದ್ದೇಳದೆ ಕೂತಳು.

ಅವಳ ಹಣೆಯ ಬೆವರು ಶಂಭುಲಿಂಗಪ್ಪನವರ ಕಣ್ಣಿಗೂ ಬಿತ್ತು. ಹತ್ತಿರ ಬಂದು ದನಿ ತಗ್ಗಿಸಿದರು. "ನೋಡು, ನಿನಗೆ ಹುಷಾರಿಲ್ಲ. ನಿನಗೊಬ್ಬಳಿಗೆ ತೆಗೀತೀನಿ. ಅವರಿಗೆಲ್ಲ ಹೇಳಬೇಡ. ಹೋಗ್ಬಿಟ್ಟು ಬೀಗದ ಕೈ ನನ್ನ ಕೈಗೇ ಕೊಡು."

ಕೀಲಿ ಅವಳ ಕಣ್ಣೆದುರಿಗಿತ್ತು. ಬಾಗಿಲು ಹತ್ತು ಹೆಜ್ಜೆ. ಅವಳಿಗೆ ಬೇಕಾದದ್ದು ಅಷ್ಟೇ ಅಲ್ಲವೇ? ದಿನಾ ಮಾತ್ರೆ ನುಂಗಬಹುದು, ದಿನಾ ಗದ್ದೆಗೆ ಬರಬಹುದು, ಉಸಿರು ಉಳಿಯುತ್ತದೆ. ಕೈ ಚಾಚಿದರೆ ಮುಗಿಯಿತು. ಚಾಚಿದ ಕೀಲಿಯನ್ನು ಕಂಡು ಬದುವಿನ ಮೇಲಿಂದ ಮಂಚಮ್ಮನೇ ಕೂಗಿದಳು: "ನಿಂಗ್ ಕೊಟ್ರಲ್ಲ, ಓಗಕ್ಕ. ನಮ್ದೇನು, ನಮ್ಗೆ ಅಭ್ಯಾಸ."

ಆ ಅಭ್ಯಾಸ ಎನ್ನುವ ಮಾತು ಕೇಳಿದ್ದೇ ತಡ, ಮರಿತಾಯಮ್ಮನ ನೆತ್ತಿಗೆ ರಕ್ತ ಏರಿತು. ಅದನ್ನು ಕಲಿಸಿದವಳು ತಾನೇ ಎಂದು ಅವಳಿಗೆ ಮೈಯೆಲ್ಲ ಉರಿಯಿತು.

"ನಿಮ್ಗೆ ಮಾತ್ರೆ ಇಲ್ಲ ಅಷ್ಟೇಯ. ಉಚ್ಚೆ ಇಲ್ವೇನ್ರೇ?" ಎಂದು ಬದುವಿನ ಕಡೆ ಕೂಗಿದಳು. ಯಾರೋ ಕಿಸಕ್ಕನೆ ನಕ್ಕರು. ಆಮೇಲೆ ಎಲ್ಲರೂ ನಕ್ಕರು. ಅವಳು ಶಂಭುಲಿಂಗಪ್ಪನವರ ಕಡೆ ತಿರುಗಿದಳು. "ಎಲ್ರಿಗೂ ತಗೀರಿ. ಇಲ್ದಿದ್ರೆ ನಂಗೂ ಬ್ಯಾಡ. ಇಲ್ಲೇ ನಿಮ್ ಜಗ್ಲಿ ಮೇಲೇ ಆಗೋಗ್ಲಿ. ನೆಂಟ್ರು ಬಂದಾಗ ತೊಳ್ಕಳಿ."

ಶಂಭುಲಿಂಗಪ್ಪ ಅವಳ ಮುಖವನ್ನೊಮ್ಮೆ, ಜಗಲಿಯನ್ನೊಮ್ಮೆ, ಬಾಡುತ್ತಿದ್ದ ಪೈರನ್ನೊಮ್ಮೆ ನೋಡಿದರು. ಅವಳು ಹೇಳಿದ್ದನ್ನು ಮಾಡುವವಳು ಎಂದು ಅವರಿಗೆ ಇಪ್ಪತ್ತು ವರ್ಷದ ಅನುಭವವಿತ್ತು. ಹೋಗಿ ಬೀಗ ತೆಗೆದು, ಕೀಲಿಯನ್ನು ಬಾಗಿಲಲ್ಲೇ ಬಿಟ್ಟು ಬಂದರು.

ಮರಿತಾಯಮ್ಮ ಓಡಲಿಲ್ಲ. ಸೆರಗು ಸರಿ ಮಾಡಿಕೊಂಡು ಹತ್ತು ಹೆಜ್ಜೆಯನ್ನೂ ನಡೆದೇ ಹೋದಳು. ಒಳಗೆ ಚಿಲಕ ಹಾಕಿಕೊಂಡ ಮೇಲೆ ಅವಳಿಗೆ ಅಳು ಬಂತು. ಕಾಯಿಲೆ ಬಂದು ಇಷ್ಟು ದಿನವಾದರೂ ಬಾರದ ಅಳು. ಅತ್ತು ಮುಗಿಸಿ, ಮುಖ ತೊಳೆದು, ಬಕೆಟ್ಟಿಗೆ ನೀರು ತುಂಬಿಟ್ಟು ಬಾಗಿಲು ತೆಗೆದಳು.

ಹೊರಗೆ ಮಂಚಮ್ಮ ನಿಂತಿದ್ದಳು. ಅವಳ ಹಿಂದೆ ಮೂರು ತಿಂಗಳ ಬಸುರಿ ಕವನ. ಅವಳ ಹಿಂದೆ ಇನ್ನೊಬ್ಬಳು, ಇನ್ನೊಬ್ಬಳು. ಹದಿಮೂರು ಜನವೂ ಬದುವಿನಿಂದ ಇಳಿದು ಬಂದು, ಪಡಿತರದ ಅಂಗಡಿಯ ಮುಂದೆ ನಿಂತ ಹಾಗೆ ಸಾಲಾಗಿ ನಿಂತಿದ್ದರು. ಯಾರೂ ತಲೆ ತಗ್ಗಿಸಿರಲಿಲ್ಲ. ಅಭ್ಯಾಸ ಎಂದಿದ್ದ ಮಂಚಮ್ಮ ಅವಳನ್ನು ಪಕ್ಕಕ್ಕೆ ಸರಿಸಿ ಒಳಗೆ ನುಗ್ಗಿದಳು.

ಶಂಭುಲಿಂಗಪ್ಪ ಸಾಲನ್ನು ಎಣಿಸಿ ಗಡಿಯಾರ ನೋಡಿಕೊಂಡರು. "ಇಷ್ಟು ಜನ ಮುಗಿಯೋ ಹೊತ್ತಿಗೆ ಪೈರು ಬಾಡೋಗುತ್ತಲ್ಲ ಮರಿತಾಯಿ," ಎಂದರು.

ಮರಿತಾಯಮ್ಮ ಜಗಲಿಯ ಮೇಲೆ ಕೂತು, ಪಕ್ಕದ ಜಾಗವನ್ನು ಸೆರಗಿನಿಂದ ಒರೆಸಿ ತೋರಿಸಿದಳು.

"ನಾವು ನಲ್ವತ್ ವರ್ಸ ತಡ್ಕಂಡಿದ್ದೀವಿ ಯಜಮಾನ್ರೇ. ಕೂತ್ಕಳಿ. ನೀವು ಅರ್ಧ ಗಂಟೆ ತಡ್ಕಳಿ."